ಅಮ್ಮನ ತೂಕ ಮನೆಯಲ್ಲಿ 61.4, ಕ್ಲಿನಿಕ್‌ನಲ್ಲಿ 63.3: ಎಂಟು ತಿಂಗಳು ಬಳಸಿದ ತೂಕದ ಮಷಿನ್ ಬಗ್ಗೆ

ಮೇಲೆ ಗಾಜಿರುವ ಸಾಧಾರಣ ಡಿಜಿಟಲ್ ಮಷಿನ್ ಇದು. ಆನ್‌ಲೈನ್‌ನಲ್ಲಿ 1,100 ರೂಪಾಯಿಗೆ ತರಿಸಿದ್ದು. ಅಮ್ಮನಿಗೆ ಹಾರ್ಟ್ ಫೇಲ್ಯೂರ್ ಇದೆ, ಅಂದರೆ ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡುವುದಿಲ್ಲ. ಮೈಯಲ್ಲಿ ನೀರು ನಿಲ್ಲತೊಡಗಿದರೆ ಎಷ್ಟೋ ಸಲ ಕಾಲು ಊದುವ ಮೊದಲೇ ತೂಕ ಏರುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ಬರೆದಿಡಿ, ಮೂರು ದಿನದಲ್ಲಿ 2 ಕೆಜಿ ಏರಿದರೆ ತಕ್ಷಣ ಫೋನ್ ಮಾಡಿ ಅಂತ ಡಾಕ್ಟರ್ ಹೇಳಿದ್ದರು.

ಮೊದಲ ತಿಂಗಳೇ ಗಾಬರಿಯಾಯಿತು. ಬೆಳಿಗ್ಗೆ ಮನೆಯಲ್ಲಿ 61.4, ಅದೇ ಸಂಜೆ ಕ್ಲಿನಿಕ್‌ನಲ್ಲಿ 63.3. ನೀರು ತುಂಬಿತೋ ಮಷಿನ್ ಕೆಟ್ಟಿದೆಯೋ ತಿಳಿಯಲಿಲ್ಲ, ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸಲ ಮಷಿನ್ನನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ನರ್ಸ್ ಬೇಡ ಅನ್ನಲಿಲ್ಲ. ಎರಡನ್ನೂ ಒಂದೇ ನೆಲದ ಮೇಲಿಟ್ಟು, ಅದೇ ಬಟ್ಟೆಯಲ್ಲಿ ಅಮ್ಮನನ್ನು ಒಂದಾದ ಮೇಲೊಂದಕ್ಕೆ ಹತ್ತಿಸಿದೆವು. ವ್ಯತ್ಯಾಸ ಬರೀ 300 ಗ್ರಾಂ!

ಉಳಿದ ಸುಮಾರು ಒಂದೂವರೆ ಕೆಜಿ ಎಲ್ಲಿಂದ ಬಂದಿತ್ತು? ಬೆಳಿಗ್ಗೆ ಅಮ್ಮ ಬಾತ್‌ರೂಮಿಗೆ ಹೋಗಿ ಬಂದು, ಖಾಲಿ ಹೊಟ್ಟೆಯಲ್ಲಿ, ನೈಟಿಯಲ್ಲಿ ನಿಲ್ಲುತ್ತಾರೆ. ಸಂಜೆ ಸೀರೆ, ಸ್ವೆಟರ್, ಕಾಲಲ್ಲಿ ಚಪ್ಪಲಿ, ಹೊಟ್ಟೆಯಲ್ಲಿ ಊಟ, ಕಾಫಿ. ಅರ್ಧ ಲೀಟರ್ ನೀರು ಅಂದರೆ ಅರ್ಧ ಕೆಜಿ ಅಲ್ವಾ.

ಆದರೆ ಮಷಿನ್‌ನಿಂದಲೂ ತಪ್ಪಾಗುತ್ತದೆ. ನಾಲ್ಕು ಕಾಲಲ್ಲೂ ಒಂದೊಂದು ಸೆನ್ಸರ್ ಇದೆ. ಭಾರ ಬಿದ್ದಾಗ ಒಳಗಿನ ಸಣ್ಣ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರ ಮೇಲೆ ಅಂಟಿಸಿದ ಪಟ್ಟಿಯ ರೆಸಿಸ್ಟೆನ್ಸ್ (ಕರೆಂಟ್‌ಗೆ ಅದು ಒಡ್ಡುವ ತಡೆ) ಬದಲಾಗುತ್ತದೆ, ಆ ಬದಲಾವಣೆಯನ್ನೇ ಕೆಜಿ ಲೆಕ್ಕದಲ್ಲಿ ತೋರಿಸುತ್ತದೆ. ಹಾಗಾಗಿ ನಾಲ್ಕೂ ಕಾಲು ಗಟ್ಟಿ ನೆಲಕ್ಕೆ ಕೂತಿರಬೇಕು. ಮೆತ್ತನೆಯ ಮ್ಯಾಟ್ ಮೇಲಿಟ್ಟರೆ ತಳವೇ ಮ್ಯಾಟಿಗೆ ತಾಗಿ ಸ್ವಲ್ಪ ಭಾರ ಸೆನ್ಸರ್‌ಗೆ ತಲುಪುವುದೇ ಇಲ್ಲ. ಜಾಗ ಬದಲಿಸಿದರೆ ಮೊದಲ ಅಂಕಿ ನಂಬಬೇಡಿ. ಒಮ್ಮೆ ಕಾಲಿನಿಂದ ಒತ್ತಿ ಬಿಡಿ, ಸೊನ್ನೆ ಬಂದು ಆಫ್ ಆದ ಮೇಲೆ ಹತ್ತಿ.

ಮನೆಯಲ್ಲೂ ಪರೀಕ್ಷೆ ಮಾಡಿದೆ. ಸುಮ್ನೆ ನಿಂತು ಒಮ್ಮೆ, 10 ಕೆಜಿಯ ಅಕ್ಕಿ ಬ್ಯಾಗ್ ಎತ್ತಿಕೊಂಡು ಒಮ್ಮೆ. 10.1 ಜಾಸ್ತಿ ತೋರಿಸಿತು, ಸಮಾಧಾನವಾಯಿತು. ಒಂದು ಕೊರತೆ ಹೇಳಲೇಬೇಕು. ಒಂದು ಲೋಟ ನೀರು ಹಿಡಿದು ಮತ್ತೆ ಹತ್ತಿದರೆ ಹಳೆಯ ಅಂಕಿಯೇ ಬರುತ್ತದೆ. ತೂಕ ಹಿಂದಿನದಕ್ಕೆ ತೀರಾ ಹತ್ತಿರವಿದ್ದರೆ ಅದನ್ನೇ ಮತ್ತೆ ತೋರಿಸುವ ಮಷಿನ್‌ಗಳಿವೆ, ಇದೂ ಅಂಥದ್ದೇ. 50 ಗ್ರಾಂ ತನಕ ನಿಖರ ಅಂತ ಡಬ್ಬಿಯ ಮೇಲೆ ಬರೆದದ್ದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಕ್ಲಿನಿಕ್‌ನದೇ ಸರಿ ಅಂತಲೂ ಅಲ್ಲ, ಅದನ್ನೂ ಆಗಾಗ ತೂಕದ ಬಟ್ಟು ಇಟ್ಟು ಪರೀಕ್ಷಿಸುತ್ತಿರಬೇಕು.

ಈಗ ನಾನು ಎರಡನ್ನೂ ಹೋಲಿಸುವುದಿಲ್ಲ. ಮನೆಯ ಅಂಕಿಯನ್ನು ಮನೆಯ ಅಂಕಿಯ ಜೊತೆ ಮಾತ್ರ ನೋಡುತ್ತೇನೆ. ಕಳೆದ ತಿಂಗಳು ಬೆಳಗಿನ ತೂಕ 61.3, 62.2, 63.4 ಅಂತ ಏರಿತು. ಫೋನ್ ಮಾಡಿದೆ. ಡಾಕ್ಟರ್ ಅವತ್ತೇ ಕರೆಸಿ ನೋಡಿ, ನೀರು ಹೋಗುವ ಮಾತ್ರೆಯ ಡೋಸ್ ಬದಲಿಸಿದರು. ಅಡ್ಮಿಟ್ ಆಗುವುದು ತಪ್ಪಿತು. ಆ ಒಂದು ಕಾರಣಕ್ಕೇ ನಾನು ಇದಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ.

ವಯಸ್ಸಾದವರಿಗೆ ಕೊಳ್ಳುವುದಾದರೆ ಅಗಲ ಜಾಸ್ತಿ ಇರುವುದನ್ನು, ದೊಡ್ಡ ಅಂಕಿ ಇರುವುದನ್ನು ನೋಡಿ ತೆಗೆದುಕೊಳ್ಳಿ. ಗಾಜು ಒದ್ದೆಯಾದರೆ ಜಾರುತ್ತದೆ. ಅಮ್ಮನನ್ನು ನಾನು ಕೈಹಿಡಿದೇ ಹತ್ತಿಸುತ್ತೇನೆ, ನೆಟ್ಟಗೆ ನಿಂತ ಮೇಲೆ ಅಂಕಿ ಬರುವಷ್ಟು ಹೊತ್ತು ಮಾತ್ರ ಕೈ ಬಿಡುತ್ತೇನೆ, ಯಾಕೆಂದರೆ ನನ್ನ ಕೈ ಮೇಲೆ ಊರಿದ ಭಾರ ಮಷಿನ್‌ಗೆ ಸಿಗುವುದಿಲ್ಲ.