ತೂಕ ಇಳಿಸಿಕೊಡುತ್ತೇನೆ ಎನ್ನುವವರ ಕೈಗೆ ಕಾರು ಒಪ್ಪಿಸುವ ಮುನ್ನ

ಡ್ರ್ಯಾಗ್ ರೇಸಿಗೆಂದು, ಅಂದರೆ ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಸ್ಪರ್ಧೆಗೆಂದು, ಮನೆಯಲ್ಲೇ ಕಾರು ಕಟ್ಟುತ್ತಿರುವವರು, ಅದರಲ್ಲೂ ಎಂಜಿನ್ ಕೆಲಸ ಮುಗಿಸಿ ‘ಇನ್ನು ತೂಕ ಇಳಿಸುವುದೊಂದೇ ಬಾಕಿ’ ಎಂದುಕೊಂಡಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಿ. ಬೆಂಗಳೂರಿನ ಹೊರವಲಯದ ಗ್ಯಾರೇಜೊಂದು ನನ್ನ ಕಾರಿಗೆ ಮಾಡಿದ ಕೆಲಸದ ವಿವರ ಇಲ್ಲಿದೆ. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಬರೆಯುವುದಿಲ್ಲ. ಬರೆದರೂ ಹೆಚ್ಚು ಪ್ರಯೋಜನವಿಲ್ಲ, ಇದೇ ಕೈಚಳಕ ಬಲ್ಲವರು ಇನ್ನೂ ಹಲವರಿದ್ದಾರೆ. ಕೆಲಸವನ್ನು ನೋಡಿಯೇ ಗುರುತು ಹಿಡಿಯಲು ಕಲಿಯುವುದು ಮೇಲು.

ಕಾರು ಹಳೆಯ ಮಾರುತಿ ಝೆನ್. ಅದರ 993 ಸಿ.ಸಿ. ಎಂಜಿನ್ ತೆಗೆದು ಎಸ್ಟೀಮ್‌ನ 1298 ಸಿ.ಸಿ. ಎಂಜಿನ್ ಕೂರಿಸಿದ್ದೆ. ಎರಡೂ ಸುಜುಕಿಯ ಒಂದೇ ವಂಶದವು, ಹಾಗಾಗಿ ಈ ಜೋಡಣೆ ನಮ್ಮಲ್ಲಿ ಹಳೆಯ ರೂಢಿ. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್, ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ, ಮನೆಯ ಹಿತ್ತಲಿನಲ್ಲಿ ಪಾನಾ ಹಿಡಿದ ಭಾನುವಾರಗಳು. ಮನೆಯಲ್ಲಿ ಮಾಡಲಾಗದ ಕೆಲಸಗಳು ಮೂರು: ಕಾರು ಮಗುಚಿದರೆ ಚಾಲಕನನ್ನು ಕಾಯುವ ಕೊಳವೆಗಳ ಪಂಜರವಾದ ರೋಲ್ ಕೇಜ್‌ನ ವೆಲ್ಡಿಂಗ್, ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಗಾಲಿಯಾದ ಫ್ಲೈವೀಲ್‌ನ ಲೇತ್ ಕೆಲಸ ಮತ್ತು ಗಾಜಿನ ಬದಲಿಗೆ ಪ್ಲಾಸ್ಟಿಕ್ ಕೂರಿಸುವುದು. ಮೂರನ್ನೂ ಆ ಗ್ಯಾರೇಜಿಗೆ ಒಪ್ಪಿಸಿದೆ.

ತೂಕಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರಿಗೆ ಒಂದು ಲೆಕ್ಕ. ಕಾಲು ಮೈಲಿ, ಅಂದರೆ 402 ಮೀಟರ್ ಓಡಲು ಬೇಕಾಗುವ ಸಮಯವು ತೂಕವನ್ನು ಶಕ್ತಿಯಿಂದ ಭಾಗಿಸಿ ಬರುವ ಸಂಖ್ಯೆಯ ಘನಮೂಲಕ್ಕೆ ಸರಿಸುಮಾರು ಅನುಗುಣವಾಗಿರುತ್ತದೆ. 85 ಅಶ್ವಶಕ್ತಿಯ ಎಂಜಿನ್, ಚಾಲಕನೂ ಸೇರಿ 820 ಕೆ.ಜಿ. ತೂಕ ಎಂದಿಟ್ಟುಕೊಂಡರೆ ಅಂದಾಜು 16 ಸೆಕೆಂಡ್. ಅದರಲ್ಲಿ 80 ಕೆ.ಜಿ. ಇಳಿಸಿದರೆ ಅರ್ಧ ಸೆಕೆಂಡ್ ಉಳಿಯುತ್ತದೆ. ಅದೇ ಅರ್ಧ ಸೆಕೆಂಡನ್ನು ಎಂಜಿನ್ನಿನಿಂದ ಹಿಂಡಬೇಕೆಂದರೆ ಇನ್ನೂ ಒಂಬತ್ತು ಅಶ್ವಶಕ್ತಿ ಬೇಕು, ಅದಕ್ಕೆ ಕ್ಯಾಮ್‌ಶಾಫ್ಟ್‌ನಿಂದ ಹಿಡಿದು ಎಷ್ಟೋ ಖರ್ಚು. ತೂಕವೋ, ಬಿಚ್ಚಿ ಎಸೆದರೆ ಮುಗಿಯಿತು. ಗ್ಯಾರೇಜಿನವರ ಮಾತು ನಮಗೆ ರುಚಿಸುವುದೂ ಈ ಆಸೆಯಿಂದಲೇ.

ನಿಜಕ್ಕೂ ಸುಲಭವಾಗಿ ಇಳಿಯುವ ತೂಕಕ್ಕೆ ಯಾರಿಗೂ ಕೂಲಿ ಕೊಡಬೇಕಾಗಿಲ್ಲ. ಹಿಂದಿನ ಸೀಟು, ಕಾರ್ಪೆಟ್, ಬಾಗಿಲಿನ ಒಳಹೊದಿಕೆ, ಸ್ಟೆಪ್ನಿ, ಜ್ಯಾಕ್, ಸ್ಪೀಕರ್, ಎ.ಸಿ.ಯ ಕಂಪ್ರೆಸರ್‌ನಿಂದ ಹಿಡಿದು ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆಯವರೆಗಿನ ಇಡೀ ಸಂಸಾರ, ಇವೆಲ್ಲ ಪಾನಾ ಮತ್ತು ತಾಳ್ಮೆಗೆ ಬಗ್ಗುತ್ತವೆ. ಎ.ಸಿ.ಯ ಅನಿಲವನ್ನು ಮಾತ್ರ ಎ.ಸಿ. ಅಂಗಡಿಯಲ್ಲೇ ತೆಗೆಸಿ. ನೆಲಕ್ಕೆ ಅಂಟಿಸಿರುವ ಡಾಂಬರಿನ ಹಾಳೆಗಳನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ ಅಗಲವಾದ ಉಳಿಯಿಂದ ಎಬ್ಬಿಸಬಹುದು. ಡ್ರೈ ಐಸ್ ಹರಡಿ ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಇನ್ನೂ ಚೊಕ್ಕವಾಗಿ ಬರುತ್ತವೆ. ಆದರೆ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಡ್ರೈ ಐಸ್ ಬೇಡ. ಅದು ಹೊರಬಿಡುವ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ನೀವು ಕೂತು ಕೆಲಸ ಮಾಡುವುದೂ ಅಲ್ಲೇ.

ಈಗ ಗ್ಯಾರೇಜಿನ ಕಥೆ. ‘ಸರ್, ನೀವು ತೆಗೆದಿರುವುದು ಏನೂ ಅಲ್ಲ. ನಮ್ಮ ಕೈಗೆ ಕೊಡಿ, ನೂರು ಕೆ.ಜಿ. ಇಳಿಸಿ ಚೀಟಿ ಸಮೇತ ತೋರಿಸುತ್ತೇವೆ’ ಎಂದರು. ತೋರಿಸಿದರು ಕೂಡ. ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸದ ಮೊದಲು ಒಂದು ಚೀಟಿ, ಕೆಲಸದ ನಂತರ ಇನ್ನೊಂದು, ನಡುವೆ 120 ಕೆ.ಜಿ. ವ್ಯತ್ಯಾಸ. ರೋಲ್ ಕೇಜ್ ಸೇರಿದ ಮೇಲೂ ಇಷ್ಟು ಇಳಿದಿದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ನಾನು ಕಾರನ್ನು ಅದೇ ವೇಬ್ರಿಡ್ಜ್‌ಗೆ ಮತ್ತೆ ಒಯ್ದೆ. ಮೊದಲ ಸಲ ತೂಗಿದಾಗ 35 ಲೀಟರಿನ ಟ್ಯಾಂಕ್ ತುಂಬಿತ್ತು, ಬ್ಯಾಟರಿ ಇತ್ತು, ಸ್ಟೆಪ್ನಿಯೂ ಒಳಗಿತ್ತು. ಎರಡನೆಯ ಸಲ ಟ್ಯಾಂಕ್ ಒಣಗಿತ್ತು, ಬ್ಯಾಟರಿ ಗ್ಯಾರೇಜಿನ ಮೇಜಿನ ಮೇಲಿತ್ತು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ, ಅಲ್ಲಿಗೆ 26 ಕೆ.ಜಿ. ಲೆಕ್ಕ ಸಿಕ್ಕಿತು. ಬ್ಯಾಟರಿ ಮತ್ತು ಸ್ಟೆಪ್ನಿ ಸೇರಿ ಇನ್ನೊಂದು ಇಪ್ಪತ್ತು. ಚೀಟಿ ಸುಳ್ಳಲ್ಲ, ಅದರ ಮೇಲೆ ಕಟ್ಟಿದ ಮಾತು ಸುಳ್ಳು. ತೂಗಿಸುವಾಗ ನೀವೇ ಹೋಗಿ, ಎರಡೂ ಸಲ ಟ್ಯಾಂಕಿನ ಮಟ್ಟ ಒಂದೇ ಇರಲಿ, ಬಾನೆಟ್ ತೆರೆಸಿ ಒಂದು ಚಿತ್ರ ತೆಗೆದುಕೊಳ್ಳಿ. ಲಾರಿ ವೇಬ್ರಿಡ್ಜ್‌ಗಳು ಸಾಮಾನ್ಯವಾಗಿ ಐದು ಅಥವಾ ಹತ್ತು ಕೆ.ಜಿ.ಗಳ ಹೆಜ್ಜೆಯಲ್ಲೇ ತೋರಿಸುತ್ತವೆ ಎಂಬುದೂ ನೆನಪಿರಲಿ.

ಇದು ಬರೀ ಹಣದ ಮೋಸ. ಜೀವಕ್ಕೆ ಬರುವ ಮೋಸ ಬಯಲಾದದ್ದು ಸ್ಪರ್ಧೆಯ ದಿನ, ವಾಹನ ತಪಾಸಣೆಯಲ್ಲಿ.

ತಪಾಸಣಾಧಿಕಾರಿ ಹಿರಿಯರು, ಮಾತು ಕಡಿಮೆ. ಕೇಜನ್ನು ಬೆರಳಿನಿಂದ ತಟ್ಟಿ ಕೇಳಿದರು. ಒಂದು ಕೈಗನ್ನಡಿ ಮತ್ತು ಟಾರ್ಚ್ ತರಿಸಿ, ಮುಂದಿನ ಗಾಜಿನ ಕಂಬದ ತುದಿಯಲ್ಲಿ ಕೊಳವೆಗಳು ಸೇರುವ ಜಾಗದ ಹಿಂಬದಿ ನೋಡಿದರು. ನಮಗೆ ಕಾಣುವ ಮುಖದಲ್ಲಿ ವೆಲ್ಡಿಂಗ್ ಸಾಲು ಅಂದವಾಗಿಯೇ ಇತ್ತು. ಮೇಲ್ಛಾವಣಿಯ ಕಡೆಗೆ ತಿರುಗಿದ ಮುಖದಲ್ಲಿ ಬೂದುಬಣ್ಣದ ಉಬ್ಬು. ಕಾರಿನ ಕೀಲಿಕೈಯಿಂದ ಕೆರೆದರೆ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದಿತು. ಅದು ಎಂ-ಸೀಲ್. ಮೇಲೆ ಬಣ್ಣ ಬಳಿದಿದ್ದರು. ಚಕ್ಕೆಯ ಕೆಳಗೆ ಎರಡು ಕೊಳವೆಗಳ ನಡುವೆ ಉಗುರು ತೂರುವಷ್ಟು ಸಂದು ಇತ್ತು.

ಹೀಗಾಗಲು ಕಾರಣವಿದೆ. ಸಿದ್ಧವಾದ ಕಾರಿನೊಳಗೆ ಕೇಜ್ ಕಟ್ಟುವಾಗ ಛಾವಣಿಗೆ ಅಂಟಿಕೊಂಡಂತಿರುವ ಸೇರುವೆಗಳ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ತಲುಪುವುದಿಲ್ಲ. ಬಲ್ಲ ಮೇಸ್ತ್ರಿ ಕೇಜಿನ ಕಾಲುಗಳು ನಿಲ್ಲುವ ಕಡೆ ನೆಲಕ್ಕೆ ತೂತು ಕೊಯ್ದು, ಇಡೀ ಕೇಜನ್ನು ಕೆಳಗಿಳಿಸಿ, ಮೇಲಿನ ಸೇರುವೆಗಳನ್ನು ಸುತ್ತಲೂ ವೆಲ್ಡ್ ಮಾಡಿ, ಮತ್ತೆ ಎತ್ತಿ ಅಡಿಯಲ್ಲಿ ದಪ್ಪ ತಟ್ಟೆ ಕೂರಿಸುತ್ತಾನೆ. ಅದು ಹೆಚ್ಚು ದಿನದ ಕೆಲಸ. ಅವಸರದವನು ಕೈಗೆಟಕುವ ಮುಕ್ಕಾಲು ಸುತ್ತು ವೆಲ್ಡ್ ಮಾಡಿ ಉಳಿದದ್ದಕ್ಕೆ ಲೇಪ ಹಚ್ಚುತ್ತಾನೆ. ಆದ್ದರಿಂದ ಕೇಜಿಗೆ ಬಣ್ಣ ಬಳಿಯುವ ಮೊದಲೇ ಕನ್ನಡಿ ಹಿಡಿದುಕೊಂಡು ಹೋಗಿ ಪ್ರತಿ ಸೇರುವೆಯನ್ನೂ ನೋಡಿ. ‘ಬಣ್ಣ ಆದ ಮೇಲೆ ಬನ್ನಿ ಸರ್, ಚೆನ್ನಾಗಿ ಕಾಣುತ್ತದೆ’ ಎಂದವರ ಕಡೆ ಇನ್ನೂ ಬೇಗ ಹೋಗಿ.

ಆಮೇಲೆ ತಪಾಸಣಾಧಿಕಾರಿ ಕೊಳವೆಯಲ್ಲಿ ಸಣ್ಣ ರಂಧ್ರ ಕೊರೆಸಿ ಗೋಡೆಯ ದಪ್ಪ ಅಳೆದರು. 1.6 ಮಿ.ಮೀ. ಅಂದರೆ 16 ಗೇಜ್, ಗೇಟು ಗ್ರಿಲ್ಲುಗಳಿಗೆ ಬಳಸುವ, ತಗಡು ಸುತ್ತಿ ಅಂಚು ಬೆಸೆದು ಮಾಡಿದ ಸೀಮುಳ್ಳ ಕೊಳವೆ. ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟವಾದ ಎಫ್‌ಐಎ ನಿಯಮದಲ್ಲಿ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ 2.5 ಮಿ.ಮೀ. ಗೋಡೆಯ, ಇಲ್ಲವೇ 50 ಮಿ.ಮೀ. ವ್ಯಾಸದ 2 ಮಿ.ಮೀ. ಗೋಡೆಯ ಕೊಳವೆ ಬೇಕು. ಉಳಿದ ಭಾಗಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಅದೂ ಸೀಮಿಲ್ಲದ, ತಣ್ಣಗೆ ಎಳೆದು ಮಾಡಿದ ಕೊಳವೆಯೇ ಆಗಬೇಕು. ಕಾಲುಗಳಡಿ ಕಾರಿನ ದೇಹಕ್ಕೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ತಟ್ಟೆ ಇರಬೇಕು. ನನ್ನ ಕಾರಿನಲ್ಲಿ ಕಾಲುಗಳು ನೇರವಾಗಿ ನೆಲದ ತೆಳು ತಗಡಿನ ಮೇಲೆ ನಿಂತಿದ್ದವು. ಕಾರು ಮಗುಚಿದರೆ ಆ ಕೊಳವೆ ಕಾರನ್ನು ಹೊರುವುದಿಲ್ಲ, ನೆಲವನ್ನು ತೂತು ಮಾಡಿಕೊಂಡು ಹೊರಗೆ ಹೋಗುತ್ತದೆ.

ಗ್ಯಾರೇಜಿನವರ ಸಮಜಾಯಿಷಿ: ‘ತೂಕ ಇಳಿಸಲು ನೀವೇ ಹೇಳಿದ್ದಿರಿ.’ ಲೆಕ್ಕ ಹಾಕಿದೆ. 38 ಮಿ.ಮೀ. ವ್ಯಾಸದ ಕೊಳವೆ 2.5 ಮಿ.ಮೀ. ಗೋಡೆಯದಾದರೆ ಮೀಟರಿಗೆ 2.2 ಕೆ.ಜಿ., 1.6ರದಾದರೆ 1.4 ಕೆ.ಜಿ. ಇಪ್ಪತ್ತು ಮೀಟರಿಗೆ ಉಳಿದದ್ದು 15 ಕೆ.ಜಿ. ನನ್ನ ತಲೆಬುರುಡೆಗೆ ಅವರು ಕಟ್ಟಿದ ಬೆಲೆ ಅಷ್ಟು. ಇನ್ನು ಕೆಲವರು ‘ಕ್ರೋಮೋಲಿ ಹಾಕಿದ್ದೇವೆ, ಅದೇ ಹಗುರ’ ಎನ್ನುತ್ತಾರೆ. ಕ್ರೋಮೋಲಿ ಉಕ್ಕೂ ಸಾದಾ ಉಕ್ಕೂ ಸಾಂದ್ರತೆಯಲ್ಲಿ ಒಂದೇ. ಅದು ಹೆಚ್ಚು ಬಲಿಷ್ಠವಾದ್ದರಿಂದ ಕೆಲವು ನಿಯಮಗಳು ತೆಳು ಗೋಡೆಗೆ ಒಪ್ಪುತ್ತವೆ, ಹಗುರವಾಗುವುದು ಹಾಗೆ. ಕೊಳವೆ ಮಾತ್ರ ಕ್ರೋಮೋಲಿಯಾಗಿ ವೆಲ್ಡಿಂಗ್ ಬೀದಿಬದಿಯದಾದರೆ ಅದು ಸಾದಾ ಉಕ್ಕಿಗಿಂತ ಕಡೆ.

ಮನೆಗೆ ತಂದು ಒಂದೊಂದಾಗಿ ಬಿಚ್ಚಿ ನೋಡಿದಾಗ ಉಳಿದದ್ದೆಲ್ಲ ಹೊರಬಂತು. ಬಂಪರಿನ ಒಳಗಿನ ಪಟ್ಟಿ, ಸೀಟು ಕೂರುವ ಅಡ್ಡಪಟ್ಟಿ, ಮುಂದಿನ ಸಸ್ಪೆನ್ಷನ್ನಿನ ಕೆಳತೋಳು, ಎಲ್ಲದರಲ್ಲೂ ಹೋಲ್ ಸಾನಿಂದ ಕೊರೆದ ದುಂಡು ತೂತುಗಳು. ನೋಡಲು ರೇಸ್ ಕಾರಿನ ಗತ್ತು. ಒಂದು ಮಿ.ಮೀ. ದಪ್ಪದ ತಗಡಿನಲ್ಲಿ 38 ಮಿ.ಮೀ. ವ್ಯಾಸದ ತೂತು ಕೊರೆದರೆ ಇಳಿಯುವ ತೂಕ ಒಂಬತ್ತು ಗ್ರಾಂ. ನೂರು ತೂತು ಕೊರೆದರೂ ಒಂದು ಕೆ.ಜಿ. ಆಗುವುದಿಲ್ಲ. ಬೆಳಗಿನ ತಿಂಡಿ ಬಿಟ್ಟರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ. ಕೆಳತೋಳಿನಲ್ಲಿ ಅಂಚು ಉಜ್ಜದೆ ಬಿಟ್ಟ ತೂತಿನ ಒರಟು ಬಾಯಿಯಿಂದಲೇ ಬಿರುಕು ಹುಟ್ಟುವುದು, ಮತ್ತು ಆ ತೋಳು ಮುರಿದರೆ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ. ವೇಗ ಕೊಡುವ, ಬ್ರೇಕ್ ಹಿಡಿಯುವ, ಚಕ್ರ ಹಿಡಿದಿರುವ, ಮನುಷ್ಯನನ್ನು ಕಟ್ಟಿರುವ ಯಾವ ಲೋಹಕ್ಕೂ ಕೊರೆಯುವ ಯಂತ್ರ ತಾಗಿಸಲು ಬಿಡಬೇಡಿ.

ಗಾಜು. ಪಾಲಿಕಾರ್ಬೊನೇಟ್ ಹಾಕಬೇಕೆಂಬುದು ಮಾತಾಗಿತ್ತು. ಅದರ ಸಾಂದ್ರತೆ ಗಾಜಿನ ಅರ್ಧದಷ್ಟೂ ಇಲ್ಲ, ಪೆಟ್ಟಿಗೆ ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ನನಗೆ ಹಾಕಿದ್ದು ಅಂಗಡಿ ಫಲಕಗಳಿಗೆ ಬಳಸುವ ಅಕ್ರಿಲಿಕ್ ಹಾಳೆ. ಕಣ್ಣಿಗೆ ಎರಡೂ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಅಕ್ರಿಲಿಕ್ ಮಾತ್ರ ಒಡೆದರೆ ಚೂಪು ಚೂರು. ಕೆಲಸದಲ್ಲಿ ಉಳಿದ ತುಂಡು ಕೇಳಿ ಪಡೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಇಕ್ಕಳದಿಂದ ಬಗ್ಗಿಸಿ. ಬಾಗಿ ನಿಂತರೆ ಪಾಲಿಕಾರ್ಬೊನೇಟ್, ಪಟ್ಟೆಂದು ಮುರಿದರೆ ಹಣ ವಾಪಸ್ ಕೇಳಿ.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಫ್ಲೈವೀಲ್. ಅದನ್ನು ಹಗುರ ಮಾಡುವುದರಲ್ಲಿ ಅರ್ಥವಿದೆ, ಆದರೆ ಲೋಹ ತೆಗೆಯಬೇಕಾದದ್ದು ಅಂಚಿನ ಬಳಿ. ತಿರುಗುವ ವಸ್ತುವಿನಲ್ಲಿ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ: ಅಂಚಿನ 100 ಗ್ರಾಂ, ಅರ್ಧ ದಾರಿಯ 400 ಗ್ರಾಂಗೆ ಸಮ. ಇವರು ಲೇತ್‌ಗೆ ಸುಲಭವೆಂದು ನಡುಭಾಗದಲ್ಲೇ, ಕ್ರ್ಯಾಂಕಿನ ಬೋಲ್ಟುಗಳ ಪಕ್ಕದಲ್ಲೇ ಕೆತ್ತಿದ್ದರು. ವೇಗಕ್ಕೆ ಲಾಭವಿಲ್ಲ, ಬಲ ಮಾತ್ರ ಹೋಯಿತು. ಬ್ಯಾಲೆನ್ಸ್ ಕೂಡ ಮಾಡಿಸಿರಲಿಲ್ಲ. ಎರಕದ ಕಬ್ಬಿಣ ಬಾಗುವ ಜಾತಿಯಲ್ಲ, ಬಿರಿಯುವ ಜಾತಿ. ನಿಮಿಷಕ್ಕೆ ಆರು ಸಾವಿರ ಸುತ್ತಿನ ವೇಗದಲ್ಲಿ ಬಿರಿದರೆ ತುಂಡುಗಳು ಅದು ತಿರುಗುವ ಸಮತಲದಲ್ಲೇ ಹಾರುತ್ತವೆ. ಎಂಜಿನ್ ಅಡ್ಡಲಾಗಿ ಕೂತಿರುವ ಝೆನ್‌ನಂಥ ಕಾರಿನಲ್ಲಿ ಆ ಸಮತಲ ಮುಂದಕ್ಕೂ ಹಿಂದಕ್ಕೂ ಚಾಚಿರುತ್ತದೆ, ಹಿಂದಕ್ಕೆ ಎಂದರೆ ಕಾಲಿನ ಕಡೆಗೆ. ಅಮೆರಿಕದ ಡ್ರ್ಯಾಗ್ ರೇಸ್ ದಿಗ್ಗಜ ಡಾನ್ ಗಾರ್ಲಿಟ್ಸ್ 1970ರಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕ್‌ನಲ್ಲಿ ಬಲಪಾದದ ಒಂದು ಭಾಗವನ್ನು ಕಳೆದುಕೊಂಡದ್ದು ಹೀಗೆ ಕಾಲ ಬಳಿ ಟ್ರಾನ್ಸ್‌ಮಿಷನ್ ಸಿಡಿದೇ. ಅದರ ನಂತರ ಅವರು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಸಾಗಿಸಿದರು. ನಮ್ಮ ಝೆನ್‌ನಲ್ಲಿ ಆ ಅನುಕೂಲವಿಲ್ಲ.

ಗ್ಯಾರೇಜಿನವರು ಹೇಳದೆ ಬಿಟ್ಟ ಇನ್ನೊಂದು ಮಾತು ಬ್ರೇಕಿನದು. ಮುಂಚಕ್ರ ಎಳೆಯುವ ಕಾರಿನಲ್ಲಿ ನಾವು ಬಿಚ್ಚುವ ಸಾಮಾನು ಬಹುಪಾಲು ಹಿಂಬದಿಯದು. ಓಟ ಮುಗಿಸಿ ಜೋರಾಗಿ ಬ್ರೇಕ್ ಒತ್ತಿದಾಗ ಮೊದಲೇ ಹಗುರವಾದ ಹಿಂಬದಿ ಇನ್ನೂ ಮೇಲೇಳುತ್ತದೆ, ಹಿಂದಿನ ಡ್ರಮ್ಮುಗಳು ಮೊದಲು ಕಚ್ಚುತ್ತವೆ, ಬಾಲ ಪಕ್ಕಕ್ಕೆ ಹೊರಳುತ್ತದೆ. ತೂಕ ಇಳಿಸಿದ ಮೇಲೆ ಹಿಂದಿನ ಬ್ರೇಕಿನ ಒತ್ತಡವನ್ನು ಮರುಹೊಂದಿಸಲೇಬೇಕು.

ಇಂಥ ಕಾರನ್ನು ರಸ್ತೆಗಿಳಿಸುವ ಯೋಚನೆಯೂ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಬಿಡುವುದಿಲ್ಲ. ಟ್ರಕ್ಕಿನ ಮೇಲೆ ಒಯ್ಯಿರಿ, ಭಾರತದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅನುಮತಿಯ ಸ್ಪರ್ಧೆಯಲ್ಲಿ ಓಡಿಸಿ.

ಹಣದ ವಿಷಯಕ್ಕೆ ಬಂದರೆ, ಗ್ಯಾರೇಜಿನವರು ಬಿಲ್ ಕೊಟ್ಟಿರಲಿಲ್ಲ, ‘ಜಿಎಸ್‌ಟಿ ಸುಮ್ಮನೆ ಹೊರೆ’ ಎಂದಿದ್ದರು. ಬ್ಯಾಂಕ್ ವರ್ಗಾವಣೆಯ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳು ಮತ್ತು ತಪಾಸಣೆಯಲ್ಲಿ ತಿರಸ್ಕರಿಸಿದ ಹಾಳೆ ಇಟ್ಟುಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ನೀವು ಕೆಲಸ ಒಪ್ಪಿಸುವಾಗ ಕೊಳವೆಯ ವ್ಯಾಸ, ಗೋಡೆಯ ದಪ್ಪ, ಸೀಮಿಲ್ಲದ್ದು ಎಂಬ ಮಾತು, ಪ್ಲಾಸ್ಟಿಕ್ಕಿನ ಹೆಸರು, ಫ್ಲೈವೀಲ್‌ನಲ್ಲಿ ಎಲ್ಲಿಂದ ಎಷ್ಟು ಲೋಹ ತೆಗೆಯಬೇಕು ಎಂಬುದು, ಇಷ್ಟನ್ನು ಬಿಲ್ಲಿನ ಮೇಲೆಯೇ ಬರೆಸಿ. ಕೊಳವೆಯ ಜತೆ ಬರುವ ತಯಾರಕರ ಪರೀಕ್ಷಾ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ. ನಾನು ಹಳೆಯ ಕೇಜನ್ನು ಕತ್ತರಿಸಿ ತೆಗೆಸಿದ್ದೇನೆ, ತುಂಡುಗಳು ಆಯೋಗಕ್ಕೆ ತೋರಿಸಲು ಬೇಕು. ಹೊಸ ಕೊಳವೆಗೆ ಪೀಣ್ಯದಲ್ಲಿ ದರ ವಿಚಾರಿಸುತ್ತಿದ್ದೇನೆ. ಪ್ರಮಾಣಪತ್ರ ಎಂದ ಕೂಡಲೇ ಫೋನ್ ಇಟ್ಟುಬಿಟ್ಟವರೂ ಇದ್ದಾರೆ, ಅವರ ಮಟ್ಟಿಗೆ ವಿಚಾರಣೆ ಅಲ್ಲಿಗೇ ಮುಗಿಯಿತು.