ಮನೆಖರ್ಚು ಇಳಿಸುವ ದಾರಿಗಳು: ಯಾವುದರಲ್ಲಿ ಉಳಿದ ದುಡ್ಡು ಸಾಲದ ಅಸಲಿಗೆ ಮುಟ್ಟಿತು?

ಮಾವನವರ ಆಪರೇಷನ್ ಆದ ಮೇಲೆ ನಮ್ಮ ಮನೆಗೆ ನಾಲ್ಕು ಸಾಲ ಉಳಿದವು. ಕ್ರೆಡಿಟ್ ಕಾರ್ಡಿನಲ್ಲಿ 80,000, ಬ್ಯಾಂಕಿನ ಪರ್ಸನಲ್ ಲೋನ್ 2 ಲಕ್ಷ, ನಾನಿರುವ ಸ್ತ್ರೀಶಕ್ತಿ ಸಂಘದಲ್ಲಿ 18,000, ಚಿಕ್ಕಪ್ಪ ಕೊಟ್ಟ ಕೈಸಾಲ 30,000. ದುಡಿಯುವವರು ಇಬ್ಬರು, ಉಣ್ಣುವವರು ಆರು ಜನ, ಮೈಸೂರಿನಲ್ಲಿ ಬಾಡಿಗೆ ಮನೆ. ಆದಾಯ ಹೆಚ್ಚುವ ದಾರಿ ಸದ್ಯಕ್ಕೆ ಕಾಣದ್ದರಿಂದ ಖರ್ಚಿಗೇ ಕೈ ಹಾಕಬೇಕಾಯಿತು. ಬಂಧುಗಳು, ಸಹೋದ್ಯೋಗಿಗಳು, ಸಂಘದ ಹೆಂಗಸರು ಹೇಳಿದ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆವು. ಎಲ್ಲಕ್ಕೂ ಅಳತೆ ಒಂದೇ: ತಿಂಗಳ ಕೊನೆಗೆ ಅಸಲು ಎಷ್ಟು ಇಳಿಯಿತು? "ಈ ತಿಂಗಳು ಇಷ್ಟು ಉಳಿಯಿತು" ಎನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಉಳಿದದ್ದು ಖಾತೆಯಲ್ಲೇ ಬಿದ್ದಿದ್ದರೆ ವಾರ ಕಳೆಯುವುದರೊಳಗೆ ಅದಕ್ಕೊಂದು ಖರ್ಚು ಹುಟ್ಟಿಕೊಳ್ಳುತ್ತದೆ.

ಪುಸ್ತಕ, ಲಕೋಟೆ, ಎರಡನೇ ಖಾತೆ

ಮೊದಲು ಲೆಕ್ಕದ ಪುಸ್ತಕ. ನಮ್ಮ ಅತ್ತೆ ಹಾಲಿನ ಲೆಕ್ಕದಿಂದ ಹೂವಿನ ಮೊಳದವರೆಗೆ ಬರೆದಿಟ್ಟು ಸಂಸಾರ ತೂಗಿಸಿದವರು. ಅವರು ಹೇಳಿದಂತೆಯೇ ರಾತ್ರಿ ಊಟವಾದ ಮೇಲೆ ಕೂತು ಬರೆದೆ. ಬಾಡಿಗೆ, ಸ್ಕೂಲ್ ಫೀಸು ದೊಡ್ಡ ಖರ್ಚೆಂದು ಗೊತ್ತೇ ಇತ್ತು. ಗೊತ್ತಿರದೇ ಇದ್ದದ್ದು ಸಂಜೆಯ ಖರ್ಚು. ಕೆಲಸ ಮುಗಿಸಿ ಬರುವಾಗ ಬೇಕರಿಯಿಂದ ಒಂದಿಷ್ಟು, ಮಗಳಿಗೆ ಚಾರ್ಟ್ ಪೇಪರು, ಸುಸ್ತಾದ ದಿನ ಹೋಟೆಲಿನ ಪಾರ್ಸಲ್ಲು. ತಿಂಗಳಿಗೆ ಒಟ್ಟು ಹಾಕಿದರೆ ಅದೇ ನಮ್ಮ ದಿನಸಿಯ ಅರ್ಧದಷ್ಟಿತ್ತು. ಪುಸ್ತಕದ ಉಪಕಾರ ಇದು, ಸೋರುವ ಜಾಗ ತೋರಿಸುತ್ತದೆ. ಆದರೆ ಅದರಲ್ಲಿ ಬರೆಯುವುದು ದುಡ್ಡು ಕೈಬಿಟ್ಟ ಮೇಲೆ, ಹಾಗಾಗಿ ಖರ್ಚನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬ್ಯಾಂಕಿನ ಮೆಸೇಜು ಓದಿ ತಾನೇ ಲೆಕ್ಕ ಹಾಕುವ ಆ್ಯಪನ್ನೂ ನಮ್ಮ ಮನೆಯವರು ಇಳಿಸಿಕೊಂಡು ನೋಡಿದರು. ನಗದು ಖರ್ಚು ಅದರ ಕಣ್ಣಿಗೆ ಬೀಳುವುದಿಲ್ಲ, ಸಾಲ ಬೇಕೇ ಎಂದು ಬೇರೆ ದಿನಾ ಕೇಳುತ್ತದೆ. ತೆಗೆದು ಹಾಕಿದೆವು.

ಆಮೇಲೆ ಲಕೋಟೆ. ಸಂಬಳ ಬಂದ ದಿನವೇ ನಗದು ತೆಗೆದು, ತರಕಾರಿಗೆ ಒಂದು, ಹಾಲಿಗೆ ಒಂದು, ಔಷಧಿಗೆ ಒಂದು ಎಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿ ಇಡುವುದು. ತರಕಾರಿಯ ಲಕೋಟೆ ತೆಳ್ಳಗಾದರೆ ಮನೆಯಲ್ಲಿರುವ ಹೆಸರುಕಾಳು, ಹುರುಳಿಕಾಳಿನಲ್ಲೇ ಸಾರು. ಪುಸ್ತಕಕ್ಕಿಂತ ಇದು ಎಷ್ಟೋ ಗಟ್ಟಿ, ಸಂಜೆಯ ಖರ್ಚು ಮೊದಲ ತಿಂಗಳಲ್ಲೇ ಇಳಿಯಿತು. ತೊಂದರೆ ಬಂದದ್ದು ಚಿಲ್ಲರೆಯದು. ಎಂಜಿ ರಸ್ತೆಯ ತರಕಾರಿ ಮಾರುಕಟ್ಟೆಯಲ್ಲೂ ಈಗ ಸೊಪ್ಪಿನ ರಾಶಿಯ ಪಕ್ಕದಲ್ಲೇ ಸ್ಕ್ಯಾನರ್ ಇಟ್ಟಿರುತ್ತಾರೆ. ಐನೂರರ ನೋಟು ಕೊಟ್ಟರೆ "ಅಕ್ಕಾ, ಫೋನಲ್ಲೇ ಹಾಕ್ಬಿಡಿ" ಅನ್ನುತ್ತಾರೆ. ಫೋನಿನಿಂದ ಹಾಕಿದ ಕೂಡಲೇ ದುಡ್ಡು ಸಂಬಳದ ಖಾತೆಯಿಂದ ಹೋಗುತ್ತದೆ, ಲಕೋಟೆ ತುಂಬಿಯೇ ಇರುತ್ತದೆ, ಲೆಕ್ಕ ತಪ್ಪುತ್ತದೆ.

ಮೂರನೆಯದೇ ನಮ್ಮ ಮನೆಗೆ ಒಗ್ಗಿದ್ದು. ಕನಿಷ್ಠ ಬ್ಯಾಲೆನ್ಸ್ ಬೇಡದ ಇನ್ನೊಂದು ಉಳಿತಾಯ ಖಾತೆ ತೆರೆದು, ಇಬ್ಬರ ಫೋನಿನ ಯುಪಿಐಯನ್ನೂ ಅದಕ್ಕೆ ಮಾತ್ರ ಜೋಡಿಸಿದೆವು. ಸಂಬಳದ ಖಾತೆಯನ್ನು ಯುಪಿಐಯಿಂದ ಬಿಡಿಸಿದೆವು. ಸಂಬಳ ಬಿದ್ದ ದಿನ ಬಾಡಿಗೆ ಹೋಗುತ್ತದೆ, ಸಾಲದ ಕಂತುಗಳು ಹೋಗುತ್ತವೆ, ಕಾರ್ಡಿಗೆ ಹೆಚ್ಚುವರಿ ಕಟ್ಟುವುದೂ ಅದೇ ದಿನ ಹೋಗುತ್ತದೆ. ಮಿಕ್ಕದ್ದನ್ನು ಪ್ರತಿ ಸೋಮವಾರ ವಾರಕ್ಕಿಷ್ಟು ಎಂದು ಎರಡನೇ ಖಾತೆಗೆ ಹಾಕುತ್ತೇವೆ. ಶನಿವಾರದ ಹೊತ್ತಿಗೆ ಖಾತೆ ಬರಿದಾದರೆ ಬರಿದು. ನಮ್ಮವರು ಕಾಫಿ, ಪೆಟ್ರೋಲಿಗೆ ಯುಪಿಐ ಲೈಟ್ (ಪಿನ್ ಒತ್ತದೆ ಸಣ್ಣ ಮೊತ್ತ ಕಟ್ಟುವ ಫೋನಿನ ಕೈಚೀಲ) ಇಟ್ಟುಕೊಂಡರು. ಅದರಲ್ಲಿ 5,000ಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಒಂದು ಸಲಕ್ಕೆ 1,000 ಮೀರಿ ಹೋಗುವುದಿಲ್ಲ. ಖಾಲಿಯಾದಾಗ ತಾನೇ ತುಂಬಿಕೊಳ್ಳುವ ಸೌಲಭ್ಯವನ್ನು ಮಾತ್ರ ಬಂದ್ ಮಾಡಿಡಬೇಕು. ಅದು ಚಾಲೂ ಇದ್ದರೆ ಮಿತಿಯೆಂಬುದೇ ಇಲ್ಲದಂತಾಗುತ್ತದೆ.

ನಗದಿನ ವ್ಯವಹಾರವೇ ಹೆಚ್ಚಿರುವ ಮನೆಗೆ, ದಿನಗೂಲಿಯ ಆದಾಯಕ್ಕೆ, ಲಕೋಟೆಯೇ ಮೇಲು. ಸಂಬಳ ಬ್ಯಾಂಕಿಗೆ ಬಂದು ಖರ್ಚು ಫೋನಿನಿಂದ ಹೋಗುವ ಮನೆಗೆ ಎರಡನೇ ಖಾತೆ. ಪುಸ್ತಕವನ್ನು ಒಂದೆರಡು ತಿಂಗಳು ಬರೆದು, ಸೋರುವುದೆಲ್ಲಿ ಎಂದು ತಿಳಿದ ಮೇಲೆ ನಿಲ್ಲಿಸಿದರೂ ನಷ್ಟವಿಲ್ಲ.

ದಿನಸಿ ಎಲ್ಲಿಂದ?

ಇಲ್ಲಿ ಮೂರು ಕಡೆ ತಂದು ನೋಡಿದೆ: ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರುವ ಆ್ಯಪು, ದೊಡ್ಡ ಸೂಪರ್ ಮಾರ್ಕೆಟ್ಟು, ನಮ್ಮ ಬೀದಿಯ ಶೆಟ್ಟರ ಅಂಗಡಿ. ಒಂದೇ ಪಟ್ಟಿ ಹಿಡಿದು ನೋಡಿದರೆ ಬೆಲೆಯಲ್ಲಿ ಸೂಪರ್ ಮಾರ್ಕೆಟ್ಟೇ ಅಗ್ಗ. ಬೇಳೆ, ಎಣ್ಣೆ, ಸೋಪು ಎಲ್ಲದರಲ್ಲೂ ಎಂಆರ್‌ಪಿಗಿಂತ ಒಂದಿಷ್ಟು ಕಡಿಮೆ. ಆದರೂ ಮನೆಗೆ ಬಂದ ಬಿಲ್ಲು ಅಲ್ಲಿನದೇ ದೊಡ್ಡದು. ತಳ್ಳುಗಾಡಿ ಹಿಡಿದು ಸಾಲುಸಾಲಾಗಿ ನಡೆಯುವಾಗ ಪಟ್ಟಿಯಲ್ಲಿಲ್ಲದ್ದು ಬೀಳುತ್ತದೆ, ಮಕ್ಕಳು ಜೊತೆಗಿದ್ದರಂತೂ ಹೇಳುವುದೇ ಬೇಡ. ಆ್ಯಪಿನಲ್ಲಿ ತಳ್ಳುಗಾಡಿ ಇಲ್ಲದಿದ್ದರೂ, ಕೊತ್ತಂಬರಿ ಸೊಪ್ಪೊಂದಕ್ಕೆ ಡೆಲಿವರಿ ಶುಲ್ಕ ಏಕೆ ಎಂದು ಇನ್ನೂ ಎರಡು ಸಾಮಾನು ಸೇರಿಸುವುದು ಅಭ್ಯಾಸವಾಗುತ್ತದೆ. ಶೆಟ್ಟರ ಅಂಗಡಿಯಲ್ಲಿ ಕಿಲೋಗೆ ಎರಡು ಮೂರು ರೂಪಾಯಿ ಹೆಚ್ಚು. ಅಲ್ಲಿ ಚೀಟಿ ಕೊಟ್ಟರೆ ಚೀಟಿಯಲ್ಲಿದ್ದಷ್ಟೇ ಬರುತ್ತದೆ, ಬೇಕಾದಷ್ಟೇ ಕಟ್ಟಿಸಬಹುದು, ಏಲಕ್ಕಿ ಹತ್ತು ಗ್ರಾಂ ಬೇಕೆಂದರೆ ಹತ್ತು ಗ್ರಾಂ. ಒಂದೇ ಒಂದು ಎಚ್ಚರ: ಪುಸ್ತಕದಲ್ಲಿ ಬರೆಸಿ ತಿಂಗಳ ಕೊನೆಗೆ ಕೊಡುವ ಉದ್ರಿ ಬೇಡ. ಸಾಲ ತೀರಿಸುತ್ತಿರುವಾಗ ಐದನೆಯದೊಂದನ್ನು ಶುರು ಮಾಡಿದಂತೆ.

ಕೊನೆಗೆ ನಿಂತ ಪದ್ಧತಿ ಬೆರಕೆಯದು. ಅಕ್ಕಿ ಮಾತ್ರ ಬಂಡೀಪಾಳ್ಯದ ಎಪಿಎಂಸಿ ಕಡೆಯ ಮಂಡಿಯಿಂದ 26 ಕಿಲೋದ ಮೂಟೆ. (25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 2022ರ ಜುಲೈನಲ್ಲಿ 5% ಜಿಎಸ್‌ಟಿ ಬಂದ ಮೇಲೆಯೇ ಈ 26ರ ಮೂಟೆ ಎಲ್ಲೆಡೆ ಕಾಣತೊಡಗಿದ್ದು.) ಉಳಿದದ್ದು ತಿಂಗಳಿಗೊಮ್ಮೆ ಚೀಟಿ ಬರೆದು ಶೆಟ್ಟರಲ್ಲಿ. ಎಣ್ಣೆ ಕೊಳ್ಳುವಾಗ ಪೊಟ್ಟಣದ ಗಾತ್ರ ನೋಡಿ ನಂಬಬೇಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆಯೆಂದರೆ ಸುಮಾರು 910 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆ ತೂಕದ ಪೊಟ್ಟಣಗಳೂ ಅದೇ ಸಾಲಿನಲ್ಲಿ, ಹೆಚ್ಚುಕಮ್ಮಿ ಅದೇ ಗಾತ್ರದಲ್ಲಿ ಕೂತಿರುತ್ತವೆ. ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೀಳುತ್ತದೆಂದು ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದನ್ನು ಓದಿ ಹೋಲಿಸಿ.

ಕರೆಂಟು, ಓಡಾಟ

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ನಮ್ಮಂಥ ಮನೆಗೆ ಉಚಿತ ಯೂನಿಟ್ಟಿನ ಮಿತಿ ಇಟ್ಟಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಮ್ಮದೇ. 2,000 ವ್ಯಾಟ್‌ನ ಗೀಜರ್ ಒಂದು ಗಂಟೆ ಉರಿದರೆ ಎರಡು ಯೂನಿಟ್. ಲೈಟು, ಫ್ಯಾನು ಆರಿಸುತ್ತ ಮನೆಯವರ ಹಿಂದೆ ಓಡಾಡಿದ್ದಕ್ಕಿಂತ ಗೀಜರಿನ ಹೊತ್ತು ಇಳಿಸಿದ್ದೇ ಬಿಲ್ಲಿನಲ್ಲಿ ಕಂಡಿತು. ಇನ್ನು ನಾನು ಸ್ಕೂಟರ್ ಬಿಟ್ಟು ನಗರ ಸಾರಿಗೆ ಬಸ್ಸು ಹಿಡಿದೆ. ಶಕ್ತಿ ಯೋಜನೆಯಿಂದ ಟಿಕೆಟ್ಟಿಗೆ ದುಡ್ಡಿಲ್ಲ. ಮನೆ ಬೇಗ ಬಿಡಬೇಕು, ಸಂಜೆ ನಿಂತು ಬರಬೇಕು. ಆದರೂ ಪೆಟ್ರೋಲಿನ ದುಡ್ಡು ಪೂರ್ತಿ ಉಳಿಯುತ್ತದೆ, ಬೇಕರಿಯ ಮುಂದೆ ಗಾಡಿ ನಿಲ್ಲಿಸುವುದೂ ತಪ್ಪುತ್ತದೆ.

ಯಾವ ಸಾಲ ಮೊದಲು?

ಇದರಲ್ಲಿ ಎರಡು ಪಕ್ಷ. ಚಿಕ್ಕ ಸಾಲ ಮೊದಲು ಮುಗಿಸಿ, ಮನಸ್ಸಿಗೆ ಧೈರ್ಯ ಬರುತ್ತದೆ ಎನ್ನುವವರು ಒಂದು ಕಡೆ. ಹೆಚ್ಚು ಬಡ್ಡಿಯದ್ದನ್ನು ಮೊದಲು ಕೊಲ್ಲಿ ಎನ್ನುವವರು ಇನ್ನೊಂದು ಕಡೆ. ಸಂಘದ ಸಾಲವೇ ಚಿಕ್ಕದಾದ್ದರಿಂದ ಮೊದಲ ಕೆಲವು ತಿಂಗಳು ಅದಕ್ಕೆ ಹೆಚ್ಚು ಕಟ್ಟಿದೆವು. ಧೈರ್ಯ ಬಂದದ್ದು ನಿಜ. ಆಮೇಲೆ ಕಾರ್ಡಿನ ಸ್ಟೇಟ್‌ಮೆಂಟ್ ಹರವಿಕೊಂಡು ಲೆಕ್ಕ ಹಾಕಿದೆ.

80,000ಕ್ಕೆ ತಿಂಗಳಿಗೆ 3.5% ಬಡ್ಡಿಯೆಂದರೆ 2,800. ಬಡ್ಡಿಯ ಮೇಲೆ 18% ಜಿಎಸ್‌ಟಿ, 504. ಒಟ್ಟು 3,304. ಬಿಲ್ಲಿನಲ್ಲಿ ಕೇಳುವ ಕನಿಷ್ಠ ಮೊತ್ತ 5%, ಅಂದರೆ 4,000. ಅಷ್ಟನ್ನು ಕಟ್ಟಿ ನಿಟ್ಟುಸಿರು ಬಿಟ್ಟರೆ ಅಸಲಿನಲ್ಲಿ ಇಳಿಯುವುದು 696 ರೂಪಾಯಿ. ಬಾಕಿ ಉಳಿಸಿಕೊಂಡಿರುವಾಗ ಹೊಸದಾಗಿ ಉಜ್ಜಿದ್ದಕ್ಕೆ ಬಡ್ಡಿಯಿಲ್ಲದ ಗಡುವೂ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಅದೇ 18,000ವನ್ನು ಸಂಘಕ್ಕೆ ಹಾಕಿದರೆ ನಮಗೆ ಉಳಿಯುವುದು ನೂರಕ್ಕೆ ಒಂದರಂತೆ ತಿಂಗಳಿಗೆ 180, ಕಾರ್ಡಿಗೆ ಹಾಕಿದರೆ 743. ಈ ಎರಡು ಅಂಕಿ ನೋಡಿದ ಮೇಲೆ ನಮ್ಮ ಮನೆಯಲ್ಲಿ ವಾದ ಉಳಿಯಲಿಲ್ಲ. ಕಾರ್ಡು ಬೀರುವಿಗೆ ಹೋಯಿತು, ಹೆಚ್ಚುವರಿ ದುಡ್ಡೆಲ್ಲ ಅದರ ಬಾಕಿಗೆ.

ಹಾಗೆಂದು ಸಂಘದ ಕಂತನ್ನು ತಪ್ಪಿಸುವ ಮಾತೇ ಇಲ್ಲ. ನಾನು ತಪ್ಪಿಸಿದರೆ ಪಕ್ಕದ ಬೀದಿಯ ಹೆಣ್ಣುಮಗಳಿಗೆ ಸಿಗಬೇಕಾದ ಸಾಲ ತಡವಾಗುತ್ತದೆ. ಚಿಕ್ಕಪ್ಪನ ದುಡ್ಡಿಗೆ ಬಡ್ಡಿಯಿಲ್ಲ, "ಅವಸರ ಏನಿಲ್ಲಮ್ಮ, ಆದಾಗ ಕೊಡು" ಅಂದರು. ಆದರೂ ತಿಂಗಳಿಗೆ ಒಂದು ಸಾವಿರ ಅವರಿಗೆ ಹೋಗುತ್ತದೆ. ಬ್ಯಾಂಕಿನ ಕಾಗದದಲ್ಲಿ ಬಾರದ ಲೆಕ್ಕಗಳಿವು. ಬಡ್ಡಿಯ ದರವೊಂದನ್ನೇ ನೋಡಿ ಇವನ್ನು ಸಾಲಿನ ಕೊನೆಗೆ ತಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪರ್ಸನಲ್ ಲೋನಿಗೆ ಮುಂಚೆ ಕಟ್ಟುವ ಮೊದಲು ಕರಾರು ಪತ್ರ ಓದಿ. ಸ್ಥಿರ ಬಡ್ಡಿಯ ಸಾಲದಲ್ಲಿ ಅವಧಿಗೆ ಮೊದಲು ಮುಗಿಸಿದರೆ ಶುಲ್ಕ ಹಾಕುವುದುಂಟು, ಮೊದಲ ವರ್ಷ ಹೆಚ್ಚಿಗೆ ಕಟ್ಟಲು ಬಿಡದಿರುವುದೂ ಉಂಟು. ಹೆಚ್ಚುವರಿ ಕಟ್ಟಿದಾಗ ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ ಎಂದು ಕೇಳಿದರೆ ಅವಧಿ ಎನ್ನಿ. ಬಡ್ಡಿ ಹೆಚ್ಚು ಉಳಿಯುವುದು ಅದರಲ್ಲೇ.

ಬಳೆ ಅಡವಿಟ್ಟು ಕಾರ್ಡು ತೀರಿಸುವುದು

ಬಹಳ ಯೋಚಿಸಿ ಮಾಡಿದ ಕೆಲಸ ಇದು. ಅತ್ತೆಗೆ ಮೊದಲು ಇಷ್ಟವಿರಲಿಲ್ಲ. ಚಿನ್ನ ಮನೆಯಿಂದ ಹೊರಗೆ ಹೋಯಿತೆಂದರೆ ಮಾನ ಹೋದಂತೆ ಎನ್ನುವ ಕಾಲದವರು. ಆದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ನಮಗೆ ವರ್ಷಕ್ಕೆ 10%ಕ್ಕೆ ಸಿಕ್ಕಿತು. 80,000ಕ್ಕೆ ಮೊದಲ ತಿಂಗಳ ಬಡ್ಡಿ 667. ಕಾರ್ಡಿಗೆ ತಿಂಗಳಿಗೆ 4,000 ತಪ್ಪದೆ ಕಟ್ಟಿದರೂ ಮೂರೂವರೆ ವರ್ಷ ದಾಟುತ್ತದೆ. ಅದೇ 4,000 ಚಿನ್ನದ ಸಾಲಕ್ಕೆ ಕಟ್ಟಿದರೆ 22 ತಿಂಗಳಿಗೆ ಮುಗಿಯುತ್ತದೆ. ಅತ್ತೆಯ ಮುಂದೆ ಕಾಗದದಲ್ಲಿ ಇದನ್ನು ಬರೆದು ತೋರಿಸಿದಾಗ ಅವರೇ ಒಳಗೆ ಹೋಗಿ ತಮ್ಮ ಬಳೆ ತಂದುಕೊಟ್ಟರು. ಮನೆಯ ಖರ್ಚಿನಲ್ಲಿ ಎಷ್ಟು ಹಿಡಿದರೂ ಇಷ್ಟು ಉಳಿಯುತ್ತಿರಲಿಲ್ಲ.

ಎಲ್ಲರಿಗೂ ಇದನ್ನು ಮಾಡಿ ಎನ್ನಲಾರೆ. ಕಾರ್ಡಿನ ಬಾಕಿ ಸೊನ್ನೆಯಾದ ಕೂಡಲೇ ಮತ್ತೆ ಉಜ್ಜುವ ಮನೆಯಾದರೆ, ವರ್ಷದ ಕೊನೆಗೆ ಕಾರ್ಡಿನ ಸಾಲವೂ ಇರುತ್ತದೆ, ಬಳೆಯೂ ಬ್ಯಾಂಕಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಒಟ್ಟಿಗೆ ತೀರಿಸುವ ಬಗೆಯ ಚಿನ್ನದ ಸಾಲಕ್ಕಿಂತ ತಿಂಗಳ ಕಂತಿನದ್ದನ್ನೇ ಕೇಳಿ ಪಡೆಯಿರಿ. ಗಡುವು ಮೀರಿದರೆ ನೋಟಿಸು, ಆಮೇಲೆ ಹರಾಜು.

ಪಿಗ್ಮಿ ಕಟ್ಟುವುದೋ, ನೇರ ಸಾಲಕ್ಕೋ?

ಪಿಗ್ಮಿ ನಮ್ಮ ನಾಡಿನದೇ ಕೂಸು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳಲು ಶುರು ಮಾಡಿದ್ದು. ನನ್ನ ಮೈದುನನಿಗೆ ಹೂವಿನ ಅಂಗಡಿ, ದಿನದ ವ್ಯಾಪಾರದಲ್ಲಿ ನೂರು ರೂಪಾಯಿ ಪಿಗ್ಮಿಯವರ ಕೈಗೆ. ಅವನಿಗೆ ಅದು ಸರಿಯಾದ ದಾರಿ, ಸಂಜೆಯ ಗಲ್ಲಾದಲ್ಲಿ ಬಿಟ್ಟ ನೂರು ಬೆಳಗ್ಗೆ ಇರುವುದಿಲ್ಲ. ನಾವೂ ಸ್ವಲ್ಪ ಕಾಲ ಕಟ್ಟಿ, ಒಟ್ಟುಗೂಡಿದ್ದನ್ನು ಸಾಲಕ್ಕೆ ಹಾಕೋಣವೆಂದು ನೋಡಿದೆವು. ಪಿಗ್ಮಿಗೆ ಸಿಗುವ ಬಡ್ಡಿ ಅತಿ ಕಡಿಮೆ, ಅವಧಿಗೆ ಮೊದಲು ತೆಗೆದರೆ ಅದೂ ಇಲ್ಲದಾಗುವುದುಂಟು. ಅತ್ತ ಕಾರ್ಡಿನಲ್ಲಿ ತಿಂಗಳಿಗೆ ಮೂರೂವರೆ ಏರುತ್ತಿರುವಾಗ ಇತ್ತ ದುಡ್ಡು ಕೂಡಿಟ್ಟು ಫಲವಿಲ್ಲ. ತಿಂಗಳ ಸಂಬಳದವರು ನೇರವಾಗಿ ಸಾಲಕ್ಕೆ ಹಾಕುವುದೇ ಲಾಭ. ಚೀಟಿ ಹಾಕಿ, ಬೇಗ ಕೂಗಿ ಎತ್ತಿ ಸಾಲ ತೀರಿಸು ಎಂದರು ಕೆಲವರು. ಬೇಗ ಎತ್ತುವವರಿಗೆ ಕಳೆಯುವ ಮೊತ್ತವೇ ದೊಡ್ಡದು, ನೋಂದಾಯಿತ ಚೀಟಿಯಲ್ಲೂ ನಡೆಸುವವರ ಕಮಿಷನ್ 7% ತನಕ ಇರಬಹುದು. ನಾವು ಅದಕ್ಕೆ ಕೈ ಹಾಕಲಿಲ್ಲ.

ಕತ್ತರಿ ಹಾಕದೆ ಬಿಟ್ಟ ಬಾಬ್ತುಗಳೂ ಇವೆ: ಮಕ್ಕಳ ಹಾಲು, ಮಾವನವರ ಮಾತ್ರೆ, ಮನೆಯವರೆಲ್ಲರ ಆರೋಗ್ಯ ವಿಮೆಯ ಕಂತು. ವಿಮೆ ನಿಲ್ಲಿಸಿದರೆ ವರ್ಷಕ್ಕೆ ಒಂದು ದೊಡ್ಡ ಮೊತ್ತ ಕಾರ್ಡಿಗೆ ಸಿಗುತ್ತದೆಂದು ನಮ್ಮವರು ಒಮ್ಮೆ ಲೆಕ್ಕ ಹಾಕಿದರು. ನಾನು ಬೇಡವೆಂದೆ. ಈ ನಾಲ್ಕು ಸಾಲವೂ ಹುಟ್ಟಿದ್ದು ಆಸ್ಪತ್ರೆಯ ಬಿಲ್ಲಿನಿಂದ, ಆಗ ನಮ್ಮಲ್ಲಿ ವಿಮೆಯಿರಲಿಲ್ಲ. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ. ಅದು ಜಮೆಯಾದಾಗಲೆಲ್ಲ ಈಗ ವಿಮೆಯ ಕಂತಿಗೆಂದೇ ಎತ್ತಿಡುತ್ತೇವೆ.