ಸ್ಟೀಲ್ ಕಾಫಿ ಫಿಲ್ಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಕೋವಿಡ್‌ಗೆ ಮುಂಚೆ ಮಲ್ಲೇಶ್ವರದ ಒಂದು ಪಾತ್ರೆ ಅಂಗಡಿಯಲ್ಲಿ ಕೊಂಡ ಫಿಲ್ಟರ್ ಇದು. ಕಂಪನಿ ಹೆಸರಿಲ್ಲ, ವಾರಂಟಿ ಕಾರ್ಡಿಲ್ಲ. ಬೆಲೆ ಮುನ್ನೂರು ಚಿಲ್ಲರೆ. ಇವತ್ತಿಗೂ ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಸುತ್ತಿದೆ. ನಡುವೆ ಮನೆಗೆ ಬಂದ ಬೇರೆ ಕಾಫಿ ಸಾಮಾನೆಲ್ಲ ಅಟ್ಟ ಸೇರಿವೆ.

ಅಟ್ಟ ಸೇರಿದವುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕರೆಂಟಿನ ಡಿಕಾಕ್ಷನ್ ಮೇಕರ್ ವಾರಂಟಿ ಮುಗಿಯೋದನ್ನೇ ಕಾಯುತ್ತಿತ್ತೇನೋ, ಆಮೇಲೆ ಬಿಸಿಯಾಗೋದೇ ನಿಂತಿತು. ಫ್ರೆಂಚ್ ಪ್ರೆಸ್ ಬ್ಲ್ಯಾಕ್ ಕಾಫಿಯವರಿಗೆ ಚೆನ್ನ. ಲೋಟದ ಮುಕ್ಕಾಲು ಹಾಲು ಹಾಕುವ ನಮ್ಮಂಥವರಿಗೆ ಅದರ ಡಿಕಾಕ್ಷನ್ ಸಾಲದು, ಹಾಲಿಗೆ ಬಣ್ಣ ಬರುತ್ತೆ ಅಷ್ಟೇ. ಮೋಕಾ ಪಾಟ್ ಗಟ್ಟಿಯಾಗೇ ಕೊಡುತ್ತದೆ, ಆದರೆ ಒಲೆ ಬಿಟ್ಟು ಕದಲುವಂತಿಲ್ಲ. ಉರಿ ಜಾಸ್ತಿಯಾದರೆ ಕಹಿ.

ಫಿಲ್ಟರ್ ಕೊಳ್ಳುವಾಗ ನಾನು ಕೈ ಹಾಕಿದ್ದು ದೊಡ್ಡದಕ್ಕೆ. ನೆಂಟರು ಬಂದರೆ ಇರಲಿ ಅಂತ. ಅಂಗಡಿಯವರೇ ತಡೆದರು. "ಮನೇಲಿ ಎಷ್ಟು ಜನ ಸಾರ್? ಇಬ್ಬರಿಗೆ ಇದು ಸಾಕು. ದೊಡ್ಡದರಲ್ಲಿ ಸ್ವಲ್ಪ ಪುಡಿ ಹಾಕಿದ್ರೆ ನೀರು ನೀರಾಗತ್ತೆ." ಮಾತು ನೂರಕ್ಕೆ ನೂರು ನಿಜ. ಪುಡಿ ತೆಳ್ಳಗೆ ಹರಡಿಕೊಂಡರೆ ನೀರು ಸರ್ರನೆ ಇಳಿದುಹೋಗುತ್ತದೆ, ಪುಡಿಯ ಸಾರ ಹೀರಿಕೊಳ್ಳಲು ಅದಕ್ಕೆ ಪುರುಸೊತ್ತೇ ಇರಲ್ಲ. ಮೇಲಿನ ಡಬ್ಬಿಯ ಅರ್ಧದಷ್ಟು ಪುಡಿ ತುಂಬುವ ಸೈಜೇ ನಿಮ್ಮ ಸೈಜು.

ನನ್ನ ಅಳತೆ: ಇಬ್ಬರಿಗೆ ಸುಮಾರು 25 ಗ್ರಾಂ ಪುಡಿ, 120 ಮಿಲಿ ನೀರು. ಪುಡಿಯನ್ನು ಫಿಲ್ಟರಿನ ಜೊತೆಗೇ ಬರುವ ತೂತಿನ ಬಿಲ್ಲೆಯಿಂದ ಮೆತ್ತಗೆ ಒತ್ತಿದರೆ ಸಾಕು, ಬಲ ಹಾಕಬಾರದು. ನೀರು ಕುದಿದ ಮೇಲೆ ಸ್ವಲ್ಪ ಆರಿಸಿ ಹಾಕಿ ಅಂತ ಕೆಲವರು ಹೇಳುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97 ಡಿಗ್ರಿಯ ಆಸುಪಾಸಿನಲ್ಲಿ. ಆರಿಸುವ ಗೋಜಿಗೆ ನಾನು ಹೋಗಲ್ಲ. ಮೊದಲು ಪುಡಿ ನೆನೆಯುವಷ್ಟು ಸುತ್ತ ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯುತ್ತೇನೆ. ಡಿಕಾಕ್ಷನ್ ಇಳಿಯೋಕೆ ಹದಿನೈದು-ಇಪ್ಪತ್ತು ನಿಮಿಷ. ಅಷ್ಟರಲ್ಲಿ ಸ್ನಾನ ಮುಗಿಯುತ್ತೆ.

ಆದರೆ ರುಚಿಯಲ್ಲಿ ಫಿಲ್ಟರಿನ ಪಾಲು ಕಮ್ಮಿ, ಪುಡಿಯದ್ದೇ ಜಾಸ್ತಿ. ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಬಸವನಗುಡಿ, ಜಯನಗರ, ಮಲ್ಲೇಶ್ವರ, ಎಲ್ಲಿ ಹೋದರೂ ಕಣ್ಣೆದುರಿಗೇ ಬೀಜ ಪುಡಿ ಮಾಡಿಕೊಡುವ ಅಂಗಡಿ ಸಿಗುತ್ತದೆ. ಚಿಕ್ಕಮಗಳೂರು, ಕೊಡಗಿನ ಬೀಜ ಕೇಳಿದರೆ ಅದನ್ನೇ ಪುಡಿ ಮಾಡಿಕೊಡುತ್ತಾರೆ. ಕಾಲು ಕೆಜಿಗಿಂತ ಜಾಸ್ತಿ ತರಬೇಡಿ. ಪುಡಿ ಮಾಡಿದ ಮೇಲೆ ಘಮ ಬೇಗ ಹಾರಿಹೋಗುತ್ತೆ. ನನಗೆ ಹಿಡಿಸಿದ್ದು ಪೀಬೆರಿ ಮತ್ತು ಪ್ಲಾಂಟೇಶನ್ ಎ ಅನ್ನೋ ಎರಡು ಬಗೆ ಬೀಜ ಸಮಸಮ, ಚಿಕೋರಿ ಶೇ. 20.

ಚಿಕೋರಿ ಅಂದರೆ ಮೂಗು ಮುರಿಯುವವರಿದ್ದಾರೆ. ಹುರಿದ ಬೇರಿನ ಪುಡಿ ಅದು, ಅದರಲ್ಲಿ ಕೆಫೀನ್ ಇಲ್ಲ. ಆದರೆ ಡಿಕಾಕ್ಷನ್ನಿಗೆ ಗಟ್ಟಿತನ, ಬಣ್ಣ ಕೊಡೋದು ಅದೇ. ಪ್ಯಾಕೆಟ್ ಪುಡಿ ಕೊಳ್ಳುವವರು ಮಾತ್ರ ಹಿಂದೆ ಬರೆದಿರೋದನ್ನು ಓದಿ. ಕಾನೂನು ಪ್ರಕಾರ ಶೇ. 49ರವರೆಗೂ ಚಿಕೋರಿ ಹಾಕಬಹುದು. ಕಾಫಿ ದುಡ್ಡು ಕೊಟ್ಟು ಅರ್ಧ ಬೇರು ಯಾಕೆ ತರಬೇಕು, ಅಲ್ವಾ?

ಇನ್ನು ಫಿಲ್ಟರಿನ ತಾಪತ್ರಯಗಳು. ಒಮ್ಮೊಮ್ಮೆ ಡಿಕಾಕ್ಷನ್ ಅರ್ಧಕ್ಕೇ ನಿಂತುಬಿಡುತ್ತದೆ. ಪುಡಿ ನುಣ್ಣಗಾಗಿರಬಹುದು. ಇಲ್ಲವೇ ಕೆಳಗಿನ ಡಬ್ಬಿಯ ಗಾಳಿಗೆ ಹೊರಹೋಗಲು ದಾರಿ ಇಲ್ಲದೆ ಅದು ಒಳಗೇ ಸಿಕ್ಕಿಕೊಂಡಿರುತ್ತದೆ. ಮೇಲಿನ ಡಬ್ಬಿಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಕೂದಲೆಳೆಯಷ್ಟು ಎತ್ತಿ ಬಿಡಿ. "ಬುಸ್" ಅನ್ನುತ್ತೆ, ಆಮೇಲೆ ಟಪ್ ಟಪ್ ಅಂತ ಮತ್ತೆ ಶುರುವಾಗುತ್ತೆ. ಆರಿದ ಮೇಲೆ ಎರಡೂ ಡಬ್ಬಿ ಕಚ್ಚಿಕೊಂಡು ಬಿಡಿಸೋಕೆ ಬರದಿದ್ದರೆ ಸೇರುವ ಜಾಗದ ಹೊರಗಡೆ ಬಿಸಿನೀರು ಹುಯ್ಯಿರಿ. ಹಟ ಹಿಡಿದು ಎಳೆದರೆ ಅಡುಗೆಮನೆ ಗೋಡೆಗೆಲ್ಲ ಚರಟದ ಅಭಿಷೇಕ.

ನಮ್ಮ ಏರಿಯಾದಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ನೀರೇ ಗತಿ. ಗಡಸು ನೀರಿನ ಬಿಳಿ ಪೊರೆ ತೂತುಗಳನ್ನು ಮುಚ್ಚುತ್ತದೆ. ಲಿಂಬೆರಸ ಹಿಂಡಿದ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದರೆ ಬಿಡುತ್ತೆ. ಕಾಫಿ ಜಿಡ್ಡು ಕಟ್ಟಿದ್ದರೆ ತೂತಿನ ಭಾಗವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಂದೆರಡು ನಿಮಿಷ ತೋರಿಸಿ, ಆರಿದ ಮೇಲೆ ತಟ್ಟಿ ತೊಳೆಯೋದು ಹಳೇ ಉಪಾಯ. ಚೆನ್ನಾಗಿ ಕೆಲಸ ಮಾಡುತ್ತೆ, ಸ್ಟೀಲು ಮಾತ್ರ ಸ್ವಲ್ಪ ನೀಲಿಗಟ್ಟುತ್ತದೆ. ಹಿತ್ತಾಳೆ ಫಿಲ್ಟರ್ ನೋಡೋಕೆ ಚೆಂದವೇ. ಆದರೆ ಅದಕ್ಕೆ ಕಲಾಯಿ ಹಾಕಿಸುತ್ತಿರಬೇಕು, ಕಲಾಯಿಯವರನ್ನು ಹುಡುಕಿಕೊಂಡು ಹೋಗುವಷ್ಟು ತಾಳ್ಮೆ ನನಗಿಲ್ಲ.

ಹಾಲು ನಂದಿನಿ ಶುಭಂ. ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಕಾಫಿ ಸಪ್ಪೆ. ಡಿಕಾಕ್ಷನ್ನನ್ನು ಮಾತ್ರ ಒಲೆ ಮೇಲಿಟ್ಟು ಕುದಿಸಬೇಡಿ, ಕುದಿಯುವ ಹಾಲನ್ನೇ ಅದಕ್ಕೆ ಹುಯ್ಯಿರಿ.

ಎದ್ದ ಐದು ನಿಮಿಷಕ್ಕೆ ಲೋಟ ಕೈಯಲ್ಲಿರಬೇಕು ಅನ್ನುವವರಿಗೆ ಇದು ಆಗಿಬರಲ್ಲ, ಇನ್‌ಸ್ಟಂಟ್ ಪುಡಿಯೇ ಸರಿ. ಮಿಕ್ಕವರು ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಮೇಲಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ತೂತುಗಳೆಲ್ಲ ಸಣ್ಣಗೆ, ಒಂದೇ ಸಮ ಇವೆಯಾ ನೋಡಿ. ಆಮೇಲೆ ಎರಡು ಡಬ್ಬಿಯನ್ನೂ ಸೇರಿಸಿ ತಿರುಗಿಸಿ. ಲೊಡಲೊಡ ಅಂದರೂ ಬೇಡ, ಬಿಗಿಯಾಗಿ ಕಚ್ಚಿಕೊಂಡರೂ ಬೇಡ. ಬೇರೊಂದು ತೆಗೆಸಿ ನೋಡಿ, ಅಂಗಡಿಯವರು ಬೇಜಾರು ಮಾಡಿಕೊಳ್ಳಲ್ಲ.